ಚಾನ್ಸ್ ಹೇಳುವ ಕಟ್ಟೆಯವರಿಗೆ

ತದಡಿ
ಎರಡನೇ ಸುತ್ತು ಮುಗಿದ ವಾರ, ಇಸವಿ ೨೧೬೯

ಉತ್ತರ ಹೇಳುವವರಿಗೆ,

ನೀವಿನ್ನೂ ನೋಡದ ಇಸವಿಯಿಂದ ಬರೆಯುತ್ತಿದ್ದೇನೆ. ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ತಪ್ಪು ಪೂರ್ತಿ ಇಸವಿಯದಲ್ಲ, ಸ್ವಲ್ಪ ನನ್ನದೂ ಇದೆ. ಆರನೇ ವಯಸ್ಸಿನಿಂದ ಕುಷ್ಟಗಿಯ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಅಲ್ಲಿ ಪ್ರಾರ್ಥನೆ ಪುಸ್ತಕದ ಕನ್ನಡದಲ್ಲಿ, ಬೈಗುಳ ಊರಿನ ಕನ್ನಡದಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ. ಹಾಗಾಗಿ ನನ್ನ ವಾಕ್ಯ ಒಂದು ಭಾಷೆಯಲ್ಲಿ ಬಸ್ಸು ಹತ್ತಿ ಇನ್ನೊಂದರಲ್ಲಿ ಇಳಿಯುತ್ತದೆ. ಸಿಟ್ಟು ಬಂದಾಗ ಮಾತ್ರ ಕನ್ನಡ ಪೂರ್ತಿಯಾಗಿ ಬರುತ್ತದೆ. ಈಗ ಬಂದಿದೆ.

ಮೊದಲು ತಾರೀಖಿನ ವಿಷಯ ಹೇಳಿಬಿಡುತ್ತೇನೆ. ನಮ್ಮಲ್ಲೂ ತಿಂಗಳುಗಳಿವೆ, ಆದರೆ ಯಾರೂ ಬಳಸುವುದಿಲ್ಲ. ವ್ಯವಹಾರ ಪೀಠಗಳು, ಅಂದರೆ ನಿಮ್ಮ ಬಿಸಿನೆಸ್ ಸ್ಕೂಲುಗಳು, ವರ್ಷಕ್ಕೆ ಮೂರು ಸುತ್ತು ಅರ್ಜಿ ಕರೆಯುತ್ತವೆ. ನಮಗೆ ವರ್ಷವೆಂದರೆ ಆ ಮೂರು ಸುತ್ತು. ಅಜ್ಜಿಯರು ಕೂಡ ‘ಅವ ಒಂದನೇ ಸುತ್ತಿನಾಗ ಹುಟ್ಟಿದವ, ಗಟ್ಟಿ ಅದಾನ’ ಎಂದು ಮೊಮ್ಮಕ್ಕಳ ಗುಣ ಹೇಳುತ್ತಾರೆ. ಮೂರನೇ ಸುತ್ತಿನಲ್ಲಿ ಮದುವೆ ಇಡುವುದಿಲ್ಲ. ಆ ಹೊತ್ತಿಗೆ ಸೀಟುಗಳೆಲ್ಲ ಮುಗಿದಿರುತ್ತವೆ, ಒಳ್ಳೆಯ ಕಾಲವಲ್ಲ ಅಂತ ನಂಬಿಕೆ. ನಡು ಮಧ್ಯಾಹ್ನ ಯಾರೂ ಹೊರಗೆ ಬರುವಂತಿಲ್ಲ, ಬಿಸಿಲು ಬಂದ್ ಇರುತ್ತದೆ. ಸಮುದ್ರ ಒಳಗೆ ಬಂದಿರುವುದರಿಂದ ನಮ್ಮ ತದಡಿ ಪೀಠದ ಕಟ್ಟಡಗಳು ಕಂಬಗಳ ಮೇಲೆ ನಿಂತಿವೆ. ಕ್ಲಾಸಿಗೆ ಹೋಗಲು ದೋಣಿ ಹಿಡಿಯುತ್ತೇವೆ. ಇದನ್ನೆಲ್ಲ ಓದಿ ನಿಮಗೆ ಪಾಪ ಅನ್ನಿಸಬಹುದು. ಇದಕ್ಕೆಲ್ಲ ನಾವು ಒಗ್ಗಿಹೋಗಿದ್ದೇವೆ. ಒಗ್ಗದೆ ಉಳಿದದ್ದು ಒಂದೇ, ಅದನ್ನು ನಮಗೆ ಕೊಟ್ಟವರು ನೀವು.

ನಮ್ಮ ಗ್ರಂಥಾಲಯದ ಹಿಂಭಾಗದಲ್ಲಿ ಹಳೇ ಗೋಡೆ ಎಂಬ ಕೋಣೆಯಿದೆ. ನಿಮ್ಮ ಕಾಲದವರು ಫೋನಿನಲ್ಲಿ ಬೆರಳಾಡಿಸಿ ಎಲ್ಲರ ಮುಂದೆ ಹಾಕಿದ್ದೆಲ್ಲ ಅಲ್ಲಿ ಹಾಗೆಯೇ ನಿಂತಿದೆ. ಈ ವಾರ ಕ್ಲಾಸು ಬಿಟ್ಟು ಅಲ್ಲೇ ಕೂತು ಓದಿದೆ. ‘ನನ್ನ ಪ್ರೊಫೈಲ್ ನೋಡಿ ಚಾನ್ಸ್ ಹೇಳಿ ಪ್ಲೀಸ್’ ಎಂದು ಯಾರೋ ಕೇಳಿದ್ದಾರೆ. ಹತ್ತನೇ ಕ್ಲಾಸಿನಲ್ಲಿ ಇಷ್ಟು, ಪಿಯುಸಿಯಲ್ಲಿ ಇಷ್ಟು, ಸಹಕಾರ ಸಂಘದಲ್ಲಿ ಎರಡು ವರ್ಷ ಕೆಲಸ, ಕಾಲೇಜಿನಲ್ಲಿ ಖೋಖೋ ಕ್ಯಾಪ್ಟನ್, ಒಂದು ವರ್ಷ ಗ್ಯಾಪ್, ಕಾರಣ ಅಪ್ಪನ ಆರೋಗ್ಯ. ಅದರ ಕೆಳಗೆ ನೀವು. ಹೆಸರಿಲ್ಲ, ಮುಖದ ಜಾಗದಲ್ಲಿ ಬೆಕ್ಕಿನ ಚಿತ್ರ. ‘ಬೇಜಾರು ಮಾಡ್ಕೋಬೇಡಿ, ಆದರೆ ಟಾಪ್ ಕಾಲೇಜು ಕಷ್ಟ. ಹತ್ತು ಪರ್ಸೆಂಟ್ ಅನ್ನಬಹುದು. ಸುಮ್ನೆ ಟೈಮ್ ವೇಸ್ಟ್.’ ಆ ಹತ್ತು ಎಲ್ಲಿಂದ ಬಂತು ಸ್ವಾಮಿ? ನೀವು ಆ ಕಾಲೇಜಿನ ಮೇಷ್ಟ್ರಾಗಿದ್ದಿರಾ? ಆ ಖೋಖೋ ಕ್ಯಾಪ್ಟನ್ ಜೊತೆ ಒಂದು ದಿನ ಮಾತಾಡಿದ್ದಿರಾ? ಬಹುಶಃ ನೀವು ಬಸ್ಸಿಗೆ ಕಾಯುತ್ತಿದ್ದಿರಿ, ಅಥವಾ ಚಹಾ ಆರಲಿ ಅಂತ ಕೂತಿದ್ದಿರಿ, ಕೈ ಖಾಲಿಯಿತ್ತು. ಬಸ್ಸು ಬಂತು, ನೀವು ಹತ್ತಿ ಹೋದಿರಿ. ಹತ್ತು ಅಲ್ಲೇ ಉಳಿಯಿತು.

ಉಳಿದದ್ದನ್ನೆಲ್ಲ ಸೇರಿಸಿ ಕಟ್ಟಿದ್ದಕ್ಕೆ ನಮ್ಮಲ್ಲಿ ಕಟ್ಟೆ ಎನ್ನುತ್ತಾರೆ. ಹಿಂದೆ ಊರ ಮುಂದೆ ಕಲ್ಲಿನ ಕಟ್ಟೆಯ ಮೇಲೆ ಕೂತವರು ದಾರಿಯಲ್ಲಿ ಹೋಗುವವರ ಬಗ್ಗೆ ತೀರ್ಪು ಕೊಡುತ್ತಿದ್ದರಂತೆ, ಹೆಸರು ಅಲ್ಲಿಂದ ಬಂತು. ಈಗಿನ ಕಟ್ಟೆಗೆ ಕಲ್ಲಿಲ್ಲ, ಕೂತವರೂ ಇಲ್ಲ, ದನಿ ಮಾತ್ರ ಇದೆ. ನಿಮ್ಮ ಉತ್ತರಗಳನ್ನು ತಿಂದು ಬೆಳೆದ ಯಂತ್ರ ಅದು. ಹುಡುಗ ಹುಡುಗಿಯರ ಅಂಕ, ಊರು, ಶಾಲೆ, ಮನೆತನ ಎಲ್ಲ ಕೇಳಿಕೊಂಡು ಯಾವ ಪೀಠದಲ್ಲಿ ಎಷ್ಟು ಚಾನ್ಸ್ ಎಂದು ನೂರಕ್ಕೆ ಇಷ್ಟು ಅಂತ ಹೇಳುತ್ತದೆ. ಆ ಸಂಖ್ಯೆಗೆ ಅಂದಾಜು ಎಂದು ಹೆಸರು. ಕಡಿಮೆ ಬಂದರೆ ಇವತ್ತಿಗೂ ನಿಮ್ಮದೇ ದನಿಯಲ್ಲಿ ‘ಬೇಜಾರು ಮಾಡ್ಕೋಬೇಡಿ, ಆದರೆ’ ಎಂದೇ ಶುರು ಮಾಡುತ್ತದೆ. ನಮ್ಮ ಹಾಸ್ಟೆಲಿನಲ್ಲಿ ಅದೊಂದು ಕಾಯಿಲೆಯ ಹೆಸರಿನ ಹಾಗೆ ಆಗಿಹೋಗಿದೆ. ಯಾರಾದರೂ ಅಳುತ್ತಾ ಬಚ್ಚಲಿಗೆ ಹೋದರೆ ‘ಅಕಿಗೆ ಬೇಜಾರುಮಾಡ್ಕೋಬೇಡಿ ಬಂದೈತಿ’ ಎನ್ನುತ್ತೇವೆ.

ಅಂದಾಜು ಪೀಠದ ಬಾಗಿಲಲ್ಲೇ ನಿಂತಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಹೆಣ್ಣು ನೋಡಲು ಬಂದವರು ಚಹಾಕ್ಕಿಂತ ಮೊದಲು ಅದನ್ನು ಕೇಳುತ್ತಾರೆ. ಮನೆ ಬಾಡಿಗೆಗೆ ಕೊಡುವವರು ಕೇಳುತ್ತಾರೆ. ಹತ್ತು ವರ್ಷದ ಮಕ್ಕಳು ಕಬಡ್ಡಿಗೆ ತಂಡ ಮಾಡುವಾಗ ಹೆಚ್ಚಿನ ಅಂದಾಜಿನವರನ್ನು ಮೊದಲು ಕರೆದುಕೊಳ್ಳುತ್ತಾರೆ. ನನ್ನಂಥವರಿಗೆ ಸೀಟು ಸಿಕ್ಕ ಮೇಲೂ ಅದು ಬಿಡುವುದಿಲ್ಲ. ನಾನು ಮೊದಲ ವರ್ಷ ಪಾಸಾಗುವ ಅಂದಾಜು ನಲವತ್ತಮೂರು. ದೋಣಿಯಲ್ಲಿ ಪಕ್ಕ ಕೂತವಳ ಅಂದಾಜು ಎಪ್ಪತ್ತು ಅಂತ ಗೊತ್ತಾದಾಗಿನಿಂದ ನಾನು ಬೇರೆ ದೋಣಿ ಹಿಡಿಯುತ್ತೇನೆ. ಉಗುರು ಕಚ್ಚಿ ಕಚ್ಚಿ ಬೆರಳು ಉರಿಯುತ್ತವೆ. ಇದನ್ನು ಬರೆಯುವಾಗಲೂ ಉರಿಯುತ್ತಿವೆ.

ಈಗ ಹುಲಿಗೆಮ್ಮನ ವಿಷಯಕ್ಕೆ ಬರುತ್ತೇನೆ. ಹುಲಿಗೆಮ್ಮ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು. ಅವಳ ತಾಯಿ ಕುಷ್ಟಗಿಯ ಹೆಂಗಸರ ಸಂಘದ ಶೇಂಗಾ ಗಾಣದಲ್ಲಿ ಕೆಲಸ ಮಾಡುತ್ತಾರೆ. ನಮ್ಮ ಕಾಲದಲ್ಲಿ ಗಾಣವಿರಲಿ, ಕಿರಾಣಿ ಅಂಗಡಿಯಿರಲಿ, ಪೀಠದ ಸನದು, ಅಂದರೆ ಅಲ್ಲಿ ಓದಿ ಪಡೆದ ಪದವಿಪತ್ರ, ಇಲ್ಲದವರು ಅದನ್ನು ತಾವೇ ನಡೆಸುವಂತಿಲ್ಲ. ಸನದು ಇದ್ದವರೊಬ್ಬರನ್ನು ಎಲ್ಲಿಂದಲೋ ಕರೆಸಿ ಯಜಮಾನಿಕೆಗೆ ಕೂರಿಸಬೇಕು. ಸಂಘದ ಗಾಣಕ್ಕೆ ಈಗ ಹಾಗೆ ಒಬ್ಬ ಯಜಮಾನ ಇದ್ದಾನೆ, ಅವನು ಕುಷ್ಟಗಿಯನ್ನು ನೋಡಿಯೇ ಇಲ್ಲ. ಹೊಸ ಗಾಣ ತರಬೇಕು ಅಂದರೆ ಬೇಡ ಅನ್ನುತ್ತಾನೆ, ಹಳೆಯದನ್ನು ರಿಪೇರಿ ಮಾಡಿಸಿ ಅಂದರೆ ನೋಡೋಣ ಅನ್ನುತ್ತಾನೆ. ಆ ಕುರ್ಚಿಯಲ್ಲಿ ತಾನು ಕೂರಬೇಕು ಎನ್ನುವುದು ಹುಲಿಗೆಮ್ಮನ ಆಸೆ. ಅದಕ್ಕೆ ಸನದು ಬೇಕು, ಸನದಿಗೆ ಪೀಠದ ಸೀಟು ಬೇಕು, ಸೀಟಿಗೆ ಅರ್ಜಿ ಹಾಕುವ ಹಕ್ಕು ಒಬ್ಬರಿಗೆ ಎರಡು ವರ್ಷ ಮಾತ್ರ. ಹಾಕಿ ಹಿಂದೆ ತೆಗೆದುಕೊಂಡರೂ ಆ ವರ್ಷ ಖರ್ಚಾದ ಹಾಗೆಯೇ. ಅವಳಿಗೆ ಕಟ್ಟೆ ಹೇಳಿದ ಅಂದಾಜು ಹನ್ನೊಂದು.

ಹಿಂದೆ ತೆಗೆದುಕೊಳ್ಳುವುದು ಯಾಕೆ ಎಂದು ನೀವು ಕೇಳಬಹುದು. ಕಟ್ಟೆ ಒಂದೇ ಊರಿನ, ಒಂದೇ ಹಾಸ್ಟೆಲಿನವರನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ, ಆಮೇಲೆ ಅಂಕ ನೋಡಿ ಒಬ್ಬೊಬ್ಬರದನ್ನು ಹೆಚ್ಚು ಕಡಿಮೆ ಮಾಡುತ್ತದೆ. ಬುಟ್ಟಿಯಲ್ಲಿ ಜನ ಹೆಚ್ಚಾದರೆ ಎಲ್ಲರ ಅಂದಾಜು ಇಳಿಯುತ್ತದೆ, ಒಬ್ಬರು ಎದ್ದು ಹೋದರೆ ಉಳಿದವರದು ಕಣ್ಣೆದುರೇ ಏರುತ್ತದೆ. ಇದೂ ನಿಮ್ಮ ಉತ್ತರಗಳಿಂದಲೇ ಕಲಿತದ್ದು. ‘ನಿಮ್ಮಂಥ ಪ್ರೊಫೈಲಿನವರು ತುಂಬ ಜನ ಇರ್ತಾರೆ’ ಎಂದು ಬರೆಯುತ್ತಿದ್ದಿರಲ್ಲ. ಹಾಗಾಗಿ ನಮ್ಮ ಹಾಸ್ಟೆಲಿನಲ್ಲಿ ದಾರಿ ಬಿಡುವ ಪದ್ಧತಿ ಬಂತು. ಕೊನೆಯ ದಿನಕ್ಕೆ ಮೊದಲು ಕಡಿಮೆ ಅಂದಾಜಿನವರು ಅರ್ಜಿ ಹಿಂದೆ ತೆಗೆದುಕೊಂಡು ಹೆಚ್ಚಿನವರಿಗೆ ದಾರಿ ಬಿಡುತ್ತಾರೆ. ಬಲವಂತ ಇಲ್ಲ, ಯಾರೂ ಕೈ ತಿರುಚುವುದಿಲ್ಲ. ಜಮಖಾನೆ ಹಾಸಿ ಕೂರಿಸುತ್ತಾರೆ, ಹೂ ಮುಡಿಸುತ್ತಾರೆ, ಹೋಳಿಗೆ ಊಟ ಹಾಕುತ್ತಾರೆ. ಯಾರಿಗೆ ದಾರಿ ಬಿಟ್ಟಳೋ ಅವಳೇ ಬಂದು ದಾರಿ ಬಿಟ್ಟವಳಿಗೆ ಉಡಿ ತುಂಬಬೇಕು. ತೆಂಗಿನಕಾಯಿ, ಕೊಬ್ಬರಿ ಬಟ್ಟಲು, ಅಕ್ಕಿ, ಕುಪ್ಪಸದ ಕಣ, ಎಲೆ ಅಡಿಕೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತುಂಬುವ ಉಡಿಯನ್ನು ನಾವು ಎಲ್ಲಿಗೂ ಹೋಗದವಳಿಗೆ ತುಂಬುತ್ತೇವೆ. ಹಾಡೂ ಹೇಳುತ್ತೇವೆ.

ಹೋದ ವರ್ಷ ಹುಲಿಗೆಮ್ಮ ದಾರಿ ಬಿಟ್ಟದ್ದು ನನಗೆ. ಅವಳ ಉಡಿ ತುಂಬಿದ್ದು ನಾನು. ಆಗ ಇಬ್ಬರೂ ನಗುತ್ತಿದ್ದೆವು. ಅವಳು ಉಡಿಯಲ್ಲಿದ್ದ ಕೊಬ್ಬರಿ ಬಟ್ಟಲನ್ನು ಅಲ್ಲೇ ಕಚ್ಚಿ, ‘ಲೇ ದಾಕ್ಷಿ, ನಿನ್ನ ಚಾನ್ಸ್ ಭಾಳ ರುಚಿ ಐತಿ ನೋಡು’ ಅಂದಿದ್ದಳು. ನನ್ನ ಅಂದಾಜು ಆ ಮಧ್ಯಾಹ್ನವೇ ಏರಿತ್ತು. ಮೆಸ್ಸಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಸಂದರ್ಶನಕ್ಕೆ ಬಂದೆ, ಸೀಟು ಸಿಕ್ಕಿತು. ಪದ್ಧತಿ ಕೆಲಸ ಮಾಡುತ್ತದೆ ಎಂಬುದಕ್ಕೆ ನಾನೇ ಸಾಕ್ಷಿಯಾದೆ. ಈ ವರ್ಷ ಹುಲಿಗೆಮ್ಮ ಎರಡನೇ ಸಲ, ಕೊನೆಯ ಸಲ, ಅರ್ಜಿ ಹಾಕಿದ್ದಳು. ಜೊತೆಗೆ ಅದೇ ಹಾಸ್ಟೆಲಿನಲ್ಲಿ ಓದುವ ನನ್ನ ತಂಗಿ ಶಿವಲೀಲಾ ಮೊದಲ ಸಲ ಹಾಕಿದ್ದಳು. ಲೀಲಾಳ ಅಂದಾಜು ಅರವತ್ತೆರಡು. ಯಾರು ಯಾರಿಗೆ ದಾರಿ ಬಿಡಬೇಕು ಎಂದು ನಿಮಗೂ ಗೊತ್ತಾಗಿರುತ್ತದೆ. ಲೆಕ್ಕದಲ್ಲಿ ನೀವು ಚುರುಕು.

ತದಡಿಗೆ ಬಂದ ಮೊದಲ ದಿನದಿಂದ ನನ್ನ ತಲೆ ಕೊರೆಯುತ್ತಿದ್ದದ್ದು ಖಾಲಿ ಕುರ್ಚಿಗಳು. ಕ್ಲಾಸಿನ ಹಿಂದಿನ ಸಾಲುಗಳು ಪೂರ್ತಿ ಖಾಲಿ. ಊಟದ ಹಾಲಿನಲ್ಲಿ ಅರ್ಧ ಬೆಂಚು ಖಾಲಿ. ಇಲ್ಲಿಯ ಹಾಸ್ಟೆಲಿನಲ್ಲಿ ಬೀಗ ಹಾಕಿದ ಕೋಣೆಗಳ ಸಾಲು. ಇಷ್ಟು ಕಷ್ಟದ ಸೀಟು ಬಿಟ್ಟು ಇವರೆಲ್ಲ ಎಲ್ಲಿಗೆ ಹೋದರು ಅಂತ ದಿನವೂ ಆ ಬೀಗಗಳನ್ನು ಎಣಿಸುತ್ತಿದ್ದೆ. ಬಹುಶಃ ಫೇಲಾಗಿ ಹೋದವರು, ಮುಂದಿನ ಸರದಿ ನನ್ನದು, ನಲವತ್ತಮೂರು ಅಂದರೆ ಇದೇ ಇರಬೇಕು ಎಂದುಕೊಂಡಿದ್ದೆ. ಯಾರನ್ನೂ ಕೇಳಲಿಲ್ಲ. ಈ ವರ್ಷ ಎರಡನೇ ಸುತ್ತು ಮುಗಿಯುವ ಮೊದಲು, ಲೆಕ್ಕಶಾಸ್ತ್ರ ಹೇಳುವ ಗುನಗಾ ಸರ್ ದೋಣಿಯಲ್ಲಿ ಎದುರಿಗೆ ಕೂತಿದ್ದರು. ಅಂಕೋಲೆಯ ಕಡೆಯವರು, ಮಾತು ನಿಧಾನ. ಧೈರ್ಯ ಮಾಡಿ ಕೇಳಿಬಿಟ್ಟೆ, ಆ ಕುರ್ಚಿಗಳಲ್ಲಿ ಇದ್ದವರು ಎಲ್ಲಿ ಹೋದರು ಸರ್ ಅಂತ.

‘ಎಲ್ಲೂ ಹೋಗ್ಲಿಲ್ಲ ಮಾರಾಯ್ತಿ, ಅವ್ರು ಬರ್ಲೇ ಇಲ್ಲ,’ ಎಂದರು. ‘ಸೀಟು ಉಂಟು, ಅರ್ಜಿ ಇಲ್ಲ. ಅರ್ಜಿ ಹಾಕಿದ್ರೆ ಅಲ್ವಾ ನಾವು ಬೇಕೋ ಬೇಡ್ವೋ ಹೇಳುದು. ಬಂದವ್ರಲ್ಲಿ ಅರ್ಧಕ್ಕಿಂತ ಹೆಚ್ಚು ಜನ್ರನ್ನ ತಕೊಳ್ತೇವೆ ನಾವು.’

ಅರ್ಧಕ್ಕಿಂತ ಹೆಚ್ಚು ಅಂದರೆ ಕುಷ್ಟಗಿಯ ನನ್ನ ಗೆಳತಿಗೆ ಹನ್ನೊಂದು ಹೇಗೆ ಸರ್ ಎಂದೆ. ಅವರು ನನ್ನನ್ನು ನೋಡಿದರು, ಇವಳಿಗೆ ನಿಜಕ್ಕೂ ಗೊತ್ತಿಲ್ಲವೋ ನಾಟಕವೋ ಎಂಬ ಹಾಗೆ. ಆಮೇಲೆ ಹೇಳಿದರು. ಕಟ್ಟೆ ಎಣಿಸುವುದು ಯಾರಿಗೆ ಸೀಟು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದಷ್ಟೇ. ಪೀಠವೇ ಬೇಡ ಎಂದು ಕಳಿಸಿದವರು, ಅರ್ಜಿಯನ್ನೇ ಹಾಕದವರು, ಹಾಕಿ ಹಿಂದೆ ತೆಗೆದುಕೊಂಡವರು, ಎಲ್ಲರೂ ಅದಕ್ಕೆ ಸಿಗದವರೇ. ಒಬ್ಬಳು ದಾರಿ ಬಿಟ್ಟ ದಿನ ಬುಟ್ಟಿ ಹಗುರಾಗಿ ಉಳಿದವರ ಅಂದಾಜು ಏರುತ್ತದೆ, ನಿಜ. ಮುಂದಿನ ವರ್ಷದ ಲೆಕ್ಕದಲ್ಲಿ ಅವಳು ಸೋತವಳಾಗಿ ಸೇರುತ್ತಾಳೆ, ಇಡೀ ಬುಟ್ಟಿಯ ಅಂದಾಜು ಇಳಿಯುತ್ತದೆ. ಇಳಿದದ್ದನ್ನು ನೋಡಿ ಇನ್ನೂ ಇಬ್ಬರು ದಾರಿ ಬಿಡುತ್ತಾರೆ. ‘ನಿಮ್ಮ ಹುಡ್ಗಿ ಹನ್ನೊಂದು ಅಂದ್ರೆ ಅವಳ ಲೆಕ್ಕ ಅಲ್ಲ ಅದು. ನಿಮ್ಮ ಕುಷ್ಟಗಿಲಿ ಎಷ್ಟು ಜನ ಹೆದ್ರಿ ಮನೇಲಿ ಕೂತ್ರು, ಅದರ ಲೆಕ್ಕ.’

ಇದನ್ನು ಯಾಕೆ ಎಲ್ಲರಿಗೂ ಹೇಳುವುದಿಲ್ಲ ಎಂದು ಕೇಳಿದೆ. ದೋಣಿ ದಡ ಮುಟ್ಟುತ್ತಿತ್ತು. ಗುನಗಾ ಸರ್ ಪಂಚೆ ಎತ್ತಿ ಹಿಡಿದು ಇಳಿಯುತ್ತಾ, ಪೀಠದಲ್ಲಿ ಎಲ್ಲರಿಗೂ ಗೊತ್ತು, ಗುಟ್ಟೇನಲ್ಲ ಎಂದರು. ಅಂದಾಜು ಕಡಿಮೆ ಇದ್ದಷ್ಟೂ ಪೀಠಕ್ಕೆ ಮರ್ಯಾದೆ ಹೆಚ್ಚು. ಕುರ್ಚಿ ಖಾಲಿ ಇದ್ದರೆ ಯಾರಿಗೂ ಕಾಣುವುದಿಲ್ಲ, ಸಿಗುವುದು ಕಷ್ಟ ಎಂಬುದು ಊರಿಗೆಲ್ಲ ಕಾಣುತ್ತದೆ. ಒಳಗೆ ಬಂದವರು ಹೊರಗೆ ಹೋಗಿ ‘ನನಗೆ ಸುಲಭವಾಗಿ ಸಿಕ್ಕಿತು’ ಎಂದು ಹೇಳುತ್ತಾರೆಯೇ? ಹೇಳುವುದಿಲ್ಲ. ನಾನೂ ಊರಿಗೆ ಹೋದಾಗ ಹೇಳಿರಲಿಲ್ಲ. ಸಂದರ್ಶನದಲ್ಲಿ ಅವರು ನನ್ನನ್ನು ಕೇಳಿದ್ದು ಕುಷ್ಟಗಿಯ ಸಂತೆಯಲ್ಲಿ ಉಳಿದ ಸೊಪ್ಪನ್ನು ಸಂಜೆ ಏನು ಮಾಡುತ್ತಾರೆ ಎಂದು. ದನಕ್ಕೆ ಹಾಕ್ತಾರೆ ಅಂದೆ, ದನ ಇಲ್ಲದವರು ಅಂದರು, ಮೆಸ್ಸಿಗೆ ತಂದು ಅಗ್ಗಕ್ಕೆ ಕೊಟ್ಟು ಹೋಗ್ತಾರೆ, ಅದನ್ನೇ ನಾವು ಉಣ್ಣೋದು ಅಂದೆ. ನಕ್ಕರು. ಸೀಟು ಕೊಟ್ಟರು. ಸಂತೆಯ ಆ ಲೆಕ್ಕವನ್ನು ಹುಲಿಗೆಮ್ಮ ನನಗಿಂತ ಚೆನ್ನಾಗಿ ಹೇಳುತ್ತಿದ್ದಳು.

ಮರುದಿನ ಹುಲಿಗೆಮ್ಮ ಲೀಲಾಳಿಗೆ ದಾರಿ ಬಿಡುವುದಿತ್ತು, ಆ ಸಂಜೆಯೇ ಕುಷ್ಟಗಿ ಬಸ್ಸು ಹತ್ತಿದೆ. ಬೆಳಿಗ್ಗೆ ಇಳಿದಾಗ ಮೆಸ್ಸಿನಲ್ಲಿ ಕಣಕ ನಾದುತ್ತಿದ್ದರು, ಹೂರಣದ ವಾಸನೆ ಗೇಟಿನವರೆಗೂ ಬರುತ್ತಿತ್ತು. ಜಮಖಾನೆ ಹಾಸಿಯಾಗಿತ್ತು. ಹುಲಿಗೆಮ್ಮ ಹೊಸ ಇಲಕಲ್ ಸೀರೆ ಉಟ್ಟು ಅದರ ಮೇಲೆ ಕೂತಿದ್ದಳು, ತಲೆಯ ತುಂಬ ಅಬ್ಬಲಿಗೆ. ಲೀಲಾ ತಟ್ಟೆಯಲ್ಲಿ ತೆಂಗಿನಕಾಯಿ ಜೋಡಿಸುತ್ತಿದ್ದಳು. ವಾರ್ಡನ್ ಗಿರಿಜಮ್ಮ ಮೇಡಂ ನನ್ನನ್ನು ನೋಡಿ, ‘ಬಾರವಾ, ತಂಗಿ ಹಬ್ಬಕ್ಕ ಅಕ್ಕ ಬಂದಳು,’ ಎಂದು ಕೈ ಹಿಡಿದರು. ಒಳ್ಳೆಯ ಹೆಂಗಸು, ನಮ್ಮನ್ನೆಲ್ಲ ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡವರು. ನಾನು ಬಂದ ವಿಷಯ ಹೇಳಿದೆ. ಬುಟ್ಟಿ, ಕುರ್ಚಿ, ಗುನಗಾ ಸರ್ ಹೇಳಿದ ಲೆಕ್ಕ, ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ. ನಾದುವ ಕೈಗಳು ನಿಂತವು.

‘ಹೋದ ವರ್ಷ ನಿನ್ನ ಅಂದಾಜು ಏರಲಿಲ್ಲೇನು?’ ಎಂದರು ಗಿರಿಜಮ್ಮ ಮೇಡಂ.

‘ಏರಿತ್ರಿ ಮೇಡಂ.’

‘ಸೀಟು ಸಿಗಲಿಲ್ಲೇನು?’

‘ಸಿಕ್ತ್ರಿ. ಆದರ ಅದಕ್ಕೂ ಇದಕ್ಕೂ ಸಂಬಂಧ ಇಲ್ರಿ.’

‘ನಿನಗ ಸಿಕ್ಕ ಮ್ಯಾಲೆ ಸಂಬಂಧ ಇಲ್ಲ ಆತು,’ ಎಂದಳು ಲೀಲಾ. ತಟ್ಟೆಯಿಂದ ಕಣ್ಣೆತ್ತಲಿಲ್ಲ. ‘ನೀ ದಾಟಿದಿ. ಈಗ ಹಗ್ಗ ಬಿಚ್ಚಾಕ ಬಂದಿ. ನಿನಗ ಆದದ್ದು ನನಗ ಆಗಬಾರದೇನು ಯಕ್ಕಾ?’

ಅವಳ ಜಾಗದಲ್ಲಿ ನಾನಿದ್ದಿದ್ದರೆ ಅದನ್ನೇ ಇನ್ನೂ ಕೆಟ್ಟದಾಗಿ ಹೇಳುತ್ತಿದ್ದೆ. ಕಣ್ಣಿಗೆ ಕಾಣುವ ಸಂಖ್ಯೆ ಏರುತ್ತದೆ, ಕಾಣದ ಸಂಖ್ಯೆ ಮುಂದಿನ ವರ್ಷ ಇಳಿಯುತ್ತದೆ. ಮುಂದಿನ ವರ್ಷದ ಹುಡುಗಿಯರು ಇನ್ನೂ ಸಣ್ಣವರ ಮಂಚಗಳಲ್ಲಿ ಕೂತು ಜಡೆ ಹಾಕಿಕೊಳ್ಳುತ್ತಿರುತ್ತಾರೆ, ಅವರ ಪರವಾಗಿ ಯಾರು ಮಾತಾಡಬೇಕು? ಒಬ್ಬರಿಗೊಬ್ಬರು ಒಳ್ಳೆಯದು ಮಾಡುತ್ತೇವೆ ಅಂತಲೇ ನಾವು ವರ್ಷವರ್ಷವೂ ಇಡೀ ಹಾಸ್ಟೆಲಿನ ಬುಡ ಕಡಿದಿದ್ದೇವೆ. ನಿಮ್ಮ ಮೇಲೆ ನನಗೆ ತಡೆಯಲಾರದಷ್ಟು ಸಿಟ್ಟು ಬಂದದ್ದು ಆ ಹೊತ್ತಿನಲ್ಲಿ. ನೀವು ಕೆಟ್ಟವರಾಗಿದ್ದರೆ ನಮಗೆ ಇಷ್ಟು ಕೆಡುಕಾಗುತ್ತಿರಲಿಲ್ಲ, ನಿಮ್ಮ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ನೀವು ಒಳ್ಳೆಯದಕ್ಕೇ ಹೇಳಿದಿರಿ. ಪಾಪ ನಿರಾಸೆ ಆಗದಿರಲಿ, ಮೊದಲೇ ಗೊತ್ತಿದ್ದರೆ ಒಳ್ಳೆಯದು, ರಿಯಲಿಸ್ಟಿಕ್ ಆಗಿರಲಿ ಎಂದಿರಿ. ಗಿರಿಜಮ್ಮ ಮೇಡಂ ಕೂಡ ಅದನ್ನೇ ಹೇಳುತ್ತಾರೆ, ಕಣ್ಣಲ್ಲಿ ನೀರು ತಂದುಕೊಂಡು, ಬಾಯಿಗೆ ಹೋಳಿಗೆ ಇಡುತ್ತಾ.

ಹುಲಿಗೆಮ್ಮ ಜಮಖಾನೆಯಿಂದ ಎದ್ದು ಸೆರಗು ಸಿಕ್ಕಿಸಿಕೊಂಡು, ‘ಬಾ ಇಲ್ಲಿ’ ಎಂದು ನನ್ನನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದುಕೊಂಡು ಹೋದಳು. ಸಣ್ಣವರಿದ್ದಾಗಿಂದ ನಾವು ಜಗಳಾಡುವ ಜಾಗ ಅದು. ಗೋಡೆಗೆ ಒರಗಿ, ಮುಡಿದಿದ್ದ ಹೂವನ್ನು ಒಂದೊಂದೇ ಕಿತ್ತು ಟ್ಯಾಂಕಿನ ಮೇಲೆ ಇಡುತ್ತಾ ಕೇಳಿದಳು.

‘ಬುಟ್ಟಿ ಗಿಟ್ಟಿ ಬ್ಯಾಡ. ನೀ ಅಲ್ಲಿ ಒಂದು ವರ್ಷ ಇದ್ದು ಬಂದಿ. ನನ್ನನ್ನ ಸಣ್ಣಾಕಿಯಿಂದ ನೋಡೀದಿ. ನೀ ಹೇಳು. ನಾ ಹೋದರ ನನಗ ಸಿಗ್ತೈತೋ ಇಲ್ಲೋ?’

ನಾನು ನಿಮ್ಮನ್ನು ಬೈಯುತ್ತಿದ್ದೇನಲ್ಲ, ಕೇಳಿ. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅರವತ್ತು ಎನ್ನಬಹುದಿತ್ತು. ಖಂಡಿತ ಸಿಗ್ತೈತಿ ಎನ್ನಬಹುದಿತ್ತು. ಅವಳ ಇಂಗ್ಲಿಷ್ ನನ್ನದಕ್ಕಿಂತ ಕಡಿಮೆ, ಅದನ್ನೂ ಮನಸ್ಸಿನಲ್ಲೇ ಕಳೆದಿದ್ದೆ. ಅವಳ ಬಾಯಿ ಜೋರು, ಅದನ್ನು ಕೂಡಿಸಬೇಕೋ ಕಳೆಯಬೇಕೋ ಎಂದು ಯೋಚಿಸುತ್ತಿದ್ದೆ. ಹತ್ತು ವರ್ಷ ಪಕ್ಕದ ಮಂಚದಲ್ಲಿ ಮಲಗಿದವಳನ್ನು ನಾನು ನಿಂತ ನಿಲುವಿನಲ್ಲೇ ಅಂಕಗಳಾಗಿ ಒಡೆಯುತ್ತಿದ್ದೆ. ಉತ್ತರ ಹೇಳುವುದು ಎಂಥ ಸುಖ ಎಂದು ಆಗ ಗೊತ್ತಾಯಿತು. ಯಾರಾದರೂ ಮುಂದೆ ನಿಂತು ನನ್ನ ಗತಿ ಏನು ಎಂದು ಕೇಳಿದರೆ ನಾವು ಒಂದು ಮೆಟ್ಟಿಲು ಮೇಲೆ ನಿಂತ ಹಾಗಾಗುತ್ತದೆ. ನೀವು ಯಾಕೆ ಬಿಡಲಿಲ್ಲ ಎನ್ನುವುದು ತಿಳಿಯಿತು. ಅದರಿಂದ ಸಿಟ್ಟು ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

‘ಗೊತ್ತಿಲ್ಲ,’ ಎಂದೆ. ನಮ್ಮ ಕಾಲದಲ್ಲಿ ಅದು ಯಾರೂ ಆಡದ ಮಾತು. ಆಡಿದರೆ ಓದದವಳು ಅನ್ನುತ್ತಾರೆ.

‘ಗೊತ್ತಿಲ್ಲ ಅಂದರ?’

‘ಸಿಗಬಹುದು, ಸಿಗದೇ ಇರಬಹುದು. ನನಗ ಗೊತ್ತಿಲ್ಲ ಹುಲಿಗಿ.’

ಅವಳು ಕೈಯಲ್ಲಿದ್ದ ಹೂವನ್ನು ಟ್ಯಾಂಕಿನ ಮೇಲೆ ಇಟ್ಟಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ‘ಇಷ್ಟು ಹೇಳಾಕ ತದಡಿಯಿಂದ ಬಂದಿ ಏನಲೇ,’ ಎಂದಳು. ‘ಕಟ್ಟೆಗ ಗೊತ್ತಿಲ್ಲ. ನಿನಗ ಗೊತ್ತಿಲ್ಲ. ಮೇಡಮ್ಮಗಂತೂ ಗೊತ್ತ ಇಲ್ಲ. ಹಂಗಾದರ ಪೀಠದವರನ್ನ ಕೇಳೇ ಬರ್ತೀನಿ ತಡಿ.’

ಅವಳು ಅರ್ಜಿ ಹಿಂದೆ ತೆಗೆದುಕೊಳ್ಳಲಿಲ್ಲ. ಹೋಳಿಗೆ ಎಲ್ಲರೂ ಉಂಡರು. ಲೀಲಾಳ ಅಂದಾಜು ಆ ದಿನ ಇಳಿಯಿತು, ಎಷ್ಟೆಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ, ನನ್ನ ಜೊತೆ ಮಾತೇ ಬಿಟ್ಟಿದ್ದಾಳೆ. ಗಿರಿಜಮ್ಮ ಮೇಡಂ ಗೇಟಿನವರೆಗೆ ಬಂದು, ‘ಇಬ್ಬರಿಗೂ ತಪ್ಪಿದರ ಆ ಪಾಪ ನಿನ್ನ ತಲಿ ಮ್ಯಾಲೆ ಇರ್ತೈತಿ’ ಎಂದರು. ಇರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಸಂದರ್ಶನಗಳು ಮುಂದಿನ ವಾರ. ನಾನು ಕ್ಲಾಸು ಬಿಟ್ಟು ಹಳೇ ಗೋಡೆಯಲ್ಲಿ ಕೂರುತ್ತಿದ್ದೇನೆ. ಹುಲಿಗೆಮ್ಮ ಮಾತ್ರ ದಿನಕ್ಕೊಂದು ಸಲ ಫೋನು ಮಾಡಿ ಗಾಣದ ಬಗ್ಗೆ ಮಾತಾಡುತ್ತಾಳೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಆ ಯಜಮಾನ ಯಾರಿಗೆ ಮಾರುತ್ತಾನೆ, ಯಾಕೆ ಅಷ್ಟು ಅಗ್ಗಕ್ಕೆ ಮಾರುತ್ತಾನೆ, ತಾನಾದರೆ ಏನು ಮಾಡುತ್ತಿದ್ದಳು. ಸೀಟು ಸಿಗದಿದ್ದರೆ ಇದನ್ನೆಲ್ಲ ಅವನ ಮುಂದೆ ನಿಂತು ಕೇಳುವ ಹಕ್ಕು ಅವಳಿಗೆ ಜನ್ಮದಲ್ಲಿ ಬರುವುದಿಲ್ಲ. ಅದು ಅವಳಿಗೂ ಗೊತ್ತು.

ಹಳೇ ಗೋಡೆಯಲ್ಲಿ ಪ್ರತಿ ಪ್ರಶ್ನೆಯ ಕೆಳಗೂ ಉತ್ತರಿಸಿ ಎಂಬ ಗುಂಡಿ ಇನ್ನೂ ಹಾಗೇ ಇದೆ. ಒತ್ತಿದರೆ ಬರೆದದ್ದು ಎಲ್ಲಿಗೆ ಹೋಗುತ್ತದೋ ಗ್ರಂಥಾಲಯದವರಿಗೂ ತಿಳಿಯದು. ನಾನು ಈ ಕಾಗದವನ್ನು ಆ ಖೋಖೋ ಕ್ಯಾಪ್ಟನ್ ಪ್ರಶ್ನೆಯ ಕೆಳಗೆ, ನಿಮ್ಮ ಹತ್ತು ಪರ್ಸೆಂಟಿನ ಪಕ್ಕದಲ್ಲೇ ಹಾಕುತ್ತಿದ್ದೇನೆ. ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಿ ನಿಮ್ಮ ಚಹಾ ಆರುವ ಮೊದಲು ತಲುಪಿದರೆ ತಲುಪಲಿ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ, ಕೇಳಿಕೊಳ್ಳುವ ದನಿಯಲ್ಲಿ ಇಲ್ಲದಿದ್ದರೆ ಹಾಗೇ ಇರಲಿ. ಈಗಲೂ ಯಾರೋ ತಮ್ಮ ಅಂಕಗಳನ್ನೆಲ್ಲ ಸುರಿದು, ಅಪ್ಪನ ಕಾಯಿಲೆಯನ್ನೂ ಅದರ ಜೊತೆಗಿಟ್ಟು, ನಿಮ್ಮ ಮುಂದೆ ನಿಂತಿದ್ದಾರೆ. ಅವರಿಗೆ ಕಷ್ಟ ಎನ್ನಬೇಡಿ. ಖಂಡಿತ ಸಿಗುತ್ತೆ ಎಂದು ಬೆನ್ನು ತಟ್ಟುವುದೂ ಬೇಡ, ಅದೂ ಮೆಟ್ಟಿಲ ಮೇಲಿನ ಮಾತೇ. ನಿಮಗೆ ನಿಜವಾಗಿ ಗೊತ್ತಿರುವುದು ಒಂದೇ ಒಂದು ಸಂಗತಿ, ಅರ್ಜಿ ಹಾಕಲು ಕೊನೆಯ ತಾರೀಖು ಯಾವುದು ಎಂಬುದು. ಅದನ್ನು ಹೇಳಿ. ಹೇಳಿ ಎದ್ದು ಹೋಗಿ.

ದಾಕ್ಷಾಯಿಣಿ
ಮೊದಲ ವರ್ಷ